ಗೋಂದು ಹಚ್ಚಿ ಕೂಡಿಸಿದ ಕಾಲು

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಹೋದ ತಿಂಗಳು ಫೋನ್ ಮಾಡಿದ್ದಳು. “ಕಾಕಾ, ಈ ಕೆಲಸದಾಗ ಖರೇ ಅಂದ್ರ ಮಾಡೋದು ಏನದರಿ? ಬಾಟಲಿ ತೊಳಿಯೋದು, ಡಬ್ಬಿ ಒರಸೋದು, ಇಷ್ಟೇ ಏನ್ರಿ?” ಎಂದು ಕೇಳಿದಳು. “ಅಂಜೋದು ಅದವ್ವ,” ಎಂದೆ. ಅವಳು ನಕ್ಕಳು. ನಾನು ನಗಿಸುವುದಕ್ಕೆ ಹೇಳಿದ ಮಾತಲ್ಲ ಅದು. ಫೋನಿನಲ್ಲಿ ಬಿಡಿಸಿ ಹೇಳಲು ಬರಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಸೇರುವ ಬೇರೆಯವರೂ ಓದಲಿ.

ನಾನು ವೈಜಿನಾಥ. ಊರು ಹುಮನಾಬಾದ್. ಮೂವತ್ತು ವರ್ಷಕ್ಕೂ ಮೇಲೆ ಬಸವಕಲ್ಯಾಣದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದೆ. ಬೆಳಿಗ್ಗೆ ಎಂಟರ ಬಸ್ಸು, ಸಂಜೆ ಐದೂವರೆಯ ಬಸ್ಸು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನು ಮಾತ್ರ, ಲ್ಯಾಬಿನಲ್ಲಿ ಯಾವ ಬಾಟಲಿಯನ್ನು ಮುಚ್ಚದೆ ಬಂದೆನೋ ಎಂದು ನನ್ನ ಅಂಗಿಯನ್ನೇ ಮೂಸಿ ನೋಡಿಕೊಳ್ಳುತ್ತಿದ್ದೆ. ಬೀಗ ಹಾಕಿ, ಎಳೆದು ನೋಡಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ತಿರುಗಿ ಬಂದು ಎಳೆದು ನೋಡಿದ ದಿನಗಳಿಗೆ ಲೆಕ್ಕವಿಲ್ಲ. “ನಿಮ್ಮ ಜೀವಕ್ಕೊಂದು ಕೀಲಿ ಹಾಕಸ್ರಿ,” ಎನ್ನುತ್ತಾಳೆ ನನ್ನ ಹೆಂಡತಿ ಸುಮಿತ್ರಾ. ಅಂಜುಬುರುಕನ ಕೈಯಲ್ಲಿ ತಪ್ಪು ಆಗುವುದಿಲ್ಲ ಎಂದು ನಾನು ನಂಬಿದ್ದೆ. ಅಂಜಿಕೆಯಿಂದಲೇ ಆಗುವ ತಪ್ಪುಗಳೂ ಇವೆ. ನಾನು ಮಾಡಿದ್ದು ಆ ಜಾತಿಯದು.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರು ಬಿರಾದಾರ ಸರ್. ಮಂಠಾಳದ ಕಡೆಯವರು, ಹೊಲಮನೆ ಇದ್ದ ದೊಡ್ಡ ಕುಟುಂಬ, ಧ್ವನಿಯೂ ದೊಡ್ಡದು. ಬೇರೆ ಕಡೆ ಪ್ರಾಣಿಶಾಸ್ತ್ರ ಎಂದರೆ ಕಪ್ಪೆ, ಜಿರಲೆ. ಇವರಿಗೆ ಪಾತರಗಿತ್ತಿಯ ಹುಚ್ಚು. ಅದೂ ಬಣ್ಣದ ಪಾತರಗಿತ್ತಿ ಅಲ್ಲ, ಅವು ತಲೆಯ ಮೇಲೆ ಹಾರಿಹೋದರೂ ಸರ್ ಕತ್ತು ಎತ್ತುತ್ತಿರಲಿಲ್ಲ. ನೆರಳಿನಲ್ಲಿ, ನೆಲಕ್ಕೆ ಹತ್ತಿ, ಹುಲ್ಲಿನ ಮೇಲೆ ಕುಪ್ಪಳಿಸುತ್ತ ಹಾರುವ, ಒಣಗಿದ ಎಲೆಯ ಬಣ್ಣದ ಒಂದು ಪಾತರಗಿತ್ತಿ ಇದೆ. ಇಂಗ್ಲಿಷಿನಲ್ಲಿ ಬುಷ್‌ಬ್ರೌನ್ ಅನ್ನುತ್ತಾರೆ, ಪುಸ್ತಕದಲ್ಲಿ ಅದರ ಕುಲದ ಹೆಸರು ಮೈಕಲೆಸಿಸ್. ನಮ್ಮ ದೇಶದಿಂದ ಹಿಡಿದು ಪೂರ್ವದ ದ್ವೀಪಗಳವರೆಗೆ, ಏಷ್ಯಾದ ಬಿಸಿ ನಾಡುಗಳಲ್ಲೆಲ್ಲ ಈ ಕುಲದವು ಇವೆ. ಎಲ್ಲವೂ ಕಂದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಮುಖ. ಯಾವುದು ಯಾವುದಕ್ಕೆ ಒಡಹುಟ್ಟು, ಯಾವುದು ದೂರದ ದಾಯಾದಿ ಎಂದು ಹೇಳುವುದು ದೊಡ್ಡ ತಲೆನೋವು. ಸರ್‌ಗೆ ಆ ತಲೆನೋವೇ ಇಷ್ಟ.

ಹಿಡಿದು ತಂದದ್ದನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸುವುದು, ಬೇಕಾದಾಗ ಒದ್ದೆ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಿ, ಎದೆಗೆ ಸೂಜಿ ಚುಚ್ಚಿ, ಹಲಗೆಯ ಮೇಲೆ ರೆಕ್ಕೆ ಹರಡುವುದು ನನ್ನ ಕೆಲಸ. ಸೀನಿದರೆ ಮೀಸೆ ಹೋಗುತ್ತದೆ, ಕೆಮ್ಮಿದರೆ ಕಾಲು ಹೋಗುತ್ತದೆ. ನನಗೆ ಮೊದಲ ವರ್ಷವೆಲ್ಲ ಉಸಿರು ಬಿಡುವುದೇ ಒಂದು ಅಪರಾಧ ಅನಿಸುತ್ತಿತ್ತು. ಫ್ಯಾನು ಹಾಕುವ ಹಾಗಿಲ್ಲ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ಬೆವರು ಹನಿ ರೆಕ್ಕೆಯ ಮೇಲೆ ಬಿದ್ದರೆ ಮುಗಿಯಿತು, ಸರ್ ಆ ಕಡೆಯ ಕೋಣೆಯಿಂದಲೇ “ವೈಜ್ಯಾ” ಎನ್ನುತ್ತಿದ್ದರು. ಅವರಿಗೆ ಅದು ಹೇಗೆ ಗೊತ್ತಾಗುತ್ತಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ಸರ್ ಬಗ್ಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ಅವರ ಕಪಾಟಿನಲ್ಲಿ ಬುಷ್‌ಬ್ರೌನ್‌ಗಳ ಎರಡು ಸಾಲು ಇದ್ದವು. ಒಂದು ಸಾಲಿನವಕ್ಕೆ ರೆಕ್ಕೆಯ ಕೆಳಮೈಯಲ್ಲಿ ಕಣ್ಣಿನಂಥ ದುಂಡು ಗುರುತುಗಳು, ಇನ್ನೊಂದು ಸಾಲಿನವಕ್ಕೆ ಏನೂ ಇಲ್ಲ, ಬರೀ ಕಂದು. ಎರಡಕ್ಕೂ ಬೇರೆ ಬೇರೆ ಹೆಸರು. ಒಂದು ಚಳಿಗಾಲ ಬಾಟಲಿಯಲ್ಲಿದ್ದ ಒಂದು ಹೆಣ್ಣು ಪಾತರಗಿತ್ತಿ ಮೊಟ್ಟೆ ಇಟ್ಟಿತು. ಚೆಲ್ಲಿಬಿಡು ಎಂದರು. ಚೆಲ್ಲಲು ನನಗೆ ಅಂಜಿಕೆ, ನಾಳೆ ಬೇಕು ಎಂದರೆ ಏನು ಮಾಡುವುದು? ಎರಡು ಕುಂಡದಲ್ಲಿ ಜೋಳದ ಮೊಳಕೆ ಬೆಳೆಸಿ ಮೊಟ್ಟೆಗಳನ್ನು ಹಂಚಿದೆ. ಒಂದನ್ನು ಕಿಟಕಿಯಲ್ಲಿ ಇಟ್ಟೆ. ಅಲ್ಲಿ ಜಾಗ ಸಾಲದೆ ಇನ್ನೊಂದನ್ನು, ಸೂಕ್ಷ್ಮದರ್ಶಕಗಳಿಗೆ ಬೂಸು ಹಿಡಿಯದಿರಲೆಂದು ಬಲ್ಬು ಉರಿಸುವ ಕಪಾಟಿನಲ್ಲಿ ಇಟ್ಟೆ. ಹುಳು ದೊಡ್ಡವಾಗಿ, ಕೋಶ ಕಟ್ಟಿ, ಹೊರಗೆ ಬಂದಾಗ ನೋಡುತ್ತೇನೆ, ಕಿಟಕಿಯ ಚಳಿಯಲ್ಲಿ ಬೆಳೆದವಕ್ಕೆ ಕಣ್ಣಿಲ್ಲ, ಬಲ್ಬಿನ ಬಿಸಿಯಲ್ಲಿ ಬೆಳೆದವಕ್ಕೆ ಕಣ್ಣಿದೆ. ಒಂದೇ ತಾಯಿಯ ಮಕ್ಕಳು. ಎರಡು ದಿನ ಹೇಳದೆ ಮುಚ್ಚಿಟ್ಟೆ. ಮೂರನೆಯ ದಿನ ಅವರ ಮೇಜಿನ ಮೇಲೆ ಇಟ್ಟು ಬಾಗಿಲ ಹತ್ತಿರ ನಿಂತೆ.

“ಒಂದೇ ತಾಯಿದು ಅಂತ ಖಾತ್ರಿ ಅದೇನೋ?”

“ಖಾತ್ರಿ ಅದರಿ ಸರ್. ದಿನಾ ಎಣಿಸೀನ್ರಿ.”

ಸರ್ ಎರಡನ್ನೂ ಪಕ್ಕಪಕ್ಕ ಇಟ್ಟು ರೆಕ್ಕೆ ತಿರುಗಿಸಿ ನೋಡಿದರು. ಆಮೇಲೆ, “ಇಷ್ಟ ವರ್ಷ ಹುಡುಗರಿಗೆ ಎರಡು ಅಂತ ಹೇಳೀನಲ್ಲೋ ವೈಜ್ಯಾ,” ಎಂದರು. ಧ್ವನಿ ಸಣ್ಣದಾಗಿತ್ತು. ಮಳೆಗಾಲಕ್ಕೆ ಒಂದು ರೂಪ, ಒಣಗಾಲಕ್ಕೆ ಒಂದು ರೂಪ ಎಂಬುದು ಬಲ್ಲವರ ಪುಸ್ತಕಗಳಲ್ಲಿ ಇದ್ದದ್ದೇ, ನಮ್ಮ ಲೈಬ್ರರಿಯಲ್ಲಿ ಆ ಪುಸ್ತಕ ಇರಲಿಲ್ಲ ಅಷ್ಟೇ. ಮರುದಿನ ಎರಡೂ ಸಾಲುಗಳನ್ನು ಕೂಡಿಸಲು ಹೇಳಿದರು. ತರಗತಿಗೆ ಹೋಗಿ, ನಾನು ಇಷ್ಟು ದಿನ ಹೇಳಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿದರು. ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ಅಷ್ಟು ದೊಡ್ಡ ಮನುಷ್ಯ ಹಾಗೆ ಹೇಳಬಹುದಾದರೆ ನನ್ನಂಥವನದೇನು ಎಂದುಕೊಂಡೆ. ಅಂದುಕೊಳ್ಳುವುದು ಸುಲಭ.

ಇನ್ನು ನನ್ನ ತಪ್ಪು. ಇದು ಆ ಘಟನೆಗೂ ಮುಂಚಿನದು, ನಾನು ಸೇರಿದ ಎರಡನೆಯ ವರ್ಷದ್ದು. ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಸರ್ ಒಂದು ವಾರ ಮೊದಲು ಕಪಾಟು ತೋರಿಸಿ, “ಇದರಾಗ ಒಂದು ಮುರುಕ ಕಾಣಬಾರದು ನೋಡು,” ಎಂದು ಹೇಳಿ ಬೀದರಿಗೆ ಹೋದರು. ನಾನು ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತ ಬಂದೆ. ಕೀಟಕ್ಕೆ ಆರು ಕಾಲು ಎಂದು ಗೋಡೆಯ ಪಟದಲ್ಲೇ ಬರೆದಿತ್ತು. ನಮ್ಮ ಬುಷ್‌ಬ್ರೌನ್‌ಗಳಿಗೆ ನಾಲ್ಕೇ ಇದ್ದವು. ಕೆಲವಕ್ಕೆ ಮೂರು, ಕೆಲವಕ್ಕೆ ಎರಡು.

ಈ ಜಾತಿಯ ಪಾತರಗಿತ್ತಿಗೆ ಮುಂದಿನ ಎರಡು ಕಾಲು ಬಹಳ ಸಣ್ಣವು, ಕುಂಚದಂತೆ ಎದೆಗೆ ಅಂಟಿಕೊಂಡಿರುತ್ತವೆ, ನಡೆಯಲು ಬಳಸುವುದು ನಾಲ್ಕೇ. ಇದು ಈಗ ಎಂಟನೆಯ ತರಗತಿಯ ಮಕ್ಕಳಿಗೂ ಮೊಬೈಲಿನಲ್ಲಿ ಸಿಗುತ್ತದೆ. ಆಗ ನನಗೆ ಯಾರು ಹೇಳಬೇಕು? ನನ್ನ ಕೈಯಿಂದಲೇ ಕಾಲುಗಳೆಲ್ಲ ಉದುರಿಹೋಗಿವೆ, ಸಮಿತಿಯವರು ಎಣಿಸುತ್ತಾರೆ, ನನ್ನ ಕೆಲಸ ಹೋಯಿತು ಎಂದೇ ತಿಳಿದೆ. ಮೂಲೆಯಲ್ಲಿ ಮುರುಕಿನ ಡಬ್ಬಿ ಎಂದು ಒಂದು ಇತ್ತು. ರೆಕ್ಕೆ ಹರಿದವು, ತಲೆ ಹೋದವು, ಹುಳು ತಿಂದವು ಎಲ್ಲ ಅದರೊಳಗೆ. ಅವುಗಳ ಕಾಲು ಚಿಮಟಿಗೆಯಿಂದ ಕಿತ್ತು, ಸೂಜಿಯ ತುದಿಯಲ್ಲಿ ಗೋಂದು ಹಚ್ಚಿ, ಒಂದೊಂದಕ್ಕೂ ಆರು ಕಾಲು ಆಗುವಂತೆ ಕೂಡಿಸುತ್ತ ಹೋದೆ. ನಾಲ್ಕು ದಿನ ಕೂತೆ. ಕಾಲು ಕಿತ್ತ ಮೈಗಳನ್ನು ಕಸದೊಂದಿಗೆ ಹಿಂದಿನ ಗುಂಡಿಗೆ ಚೆಲ್ಲಿದೆ. ಡಬ್ಬಿ ಖಾಲಿಯಾಯಿತು, ಕಪಾಟು ತುಂಬಿತು ಎಂದು ನನಗೆ ಸಮಾಧಾನ.

ಸಮಿತಿ ಬರುವ ದಿನ ಬೆಳಿಗ್ಗೆ ಸರ್ ಕಪಾಟು ಎಳೆದು ನೋಡಿದರು.

“ಏನೋ ಇದು? ಎಂಟು ಕಾಲು ಆಗ್ಯಾವಲ್ಲೋ. ಪಾತರಗಿತ್ತಿ ಮಾಡೀದೋ, ಜ್ಯಾಡ ಮಾಡೀದೋ?”

ಸಣ್ಣ ಕಾಲುಗಳನ್ನು ಅವರು ಸೂಜಿಯಿಂದ ಬಿಡಿಸಿ ತೋರಿಸಿದಾಗ ನೆಲ ಬಾಯಿ ಬಿಡಬಾರದೇ ಅನಿಸಿತು. ಗಡಿಯಾರ ನೋಡಿದರು. “ಹೆಚ್ಚಿಂದು ತಗಿ. ಮುರದದ್ದಕ್ಕ ಕೂಡಿಸಿದ್ದು ಹಂಗೇ ಇರಲಿ, ಟೈಮಿಲ್ಲ,” ಎಂದರು. ಮಧ್ಯಾಹ್ನದೊಳಗೆ ಹೆಚ್ಚಿನ ಕಾಲುಗಳನ್ನೆಲ್ಲ ಕಿತ್ತೆ. ಮುರಿದ ಕಾಲಿನ ಜಾಗಕ್ಕೆ ಅಂಟಿಸಿದವು ಉಳಿದವು. ಸಮಿತಿಯವರು ಬಂದರು, ಚಹಾ ಕುಡಿದರು, ಕಪಾಟಿನ ಕಡೆ ನೋಡಿ “ಚಂದ ಇಟ್ಟೀರಿ” ಎಂದು ಹೋದರು. ಕಾಲು ಯಾರೂ ಎಣಿಸಲಿಲ್ಲ. ಯಾವ ಕಾಲು ಯಾರದು ಎಂದು ನಾನೂ ಬರೆದಿಡಲಿಲ್ಲ. ಒಂದು ಕಾಲಿನಿಂದ ಏನಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮುಂದೆ ಕೆಲಸದ ರೀತಿ ಬದಲಾಯಿತು. ರೆಕ್ಕೆ ನೋಡಿ ಹೆಸರು ಹೇಳುವುದು ಹೋಗಿ, ಗಂಡು ಪಾತರಗಿತ್ತಿಯ ಹೊಟ್ಟೆಯ ತುದಿಯನ್ನು ಕಾಸ್ಟಿಕ್ಕಿನಲ್ಲಿ ಕುದಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಂತು. ಅದರಲ್ಲಿ ನಾನು ಎರಡು ಬಾರಿ ಕೈ ಸುಟ್ಟುಕೊಂಡೆ. ಸರ್ ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಕೊಂಡರು. ಅವರ ಕಪಾಟು ನನ್ನ ಪಾಲಿಗೆ ಬಂತು. ಡಾಂಬರ್ ಗುಳಿಗೆ ಬದಲಿಸುವುದು, ಬೀಗ ಎಳೆದು ನೋಡುವುದು, ಇಷ್ಟೇ. ಹೊಸ ಮೇಷ್ಟ್ರುಗಳು ಅದರ ಕಡೆ ಬರುತ್ತಿರಲಿಲ್ಲ.

ಬಂದವಳು ತಹಸೀನ್. ನಮ್ಮ ಕಾಲೇಜಿನಲ್ಲೇ ಓದಿದವಳು. ತಂದೆ ಬಸವಕಲ್ಯಾಣದ ಕೋಟೆಯ ಕಡೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಓದುವಾಗಲೇ ಕಪಾಟಿನ ಮುಂದೆ ನಿಂತುಬಿಡುತ್ತಿದ್ದ ಹುಡುಗಿ, ಮುಂದೆ ದೊಡ್ಡ ಊರಿಗೆ ಹೋಗಿ ಸಂಶೋಧನೆಗೆ ಸೇರಿದಳು. ವಿಷಯ ಇದೇ ಮೈಕಲೆಸಿಸ್ ಕುಲ, ಅದರ ಬಳಗದಲ್ಲಿ ಯಾರು ಯಾರಿಂದ ಕವಲೊಡೆದರು ಎಂಬುದು. ರೆಕ್ಕೆಯನ್ನೂ ನೋಡುವುದಿಲ್ಲ, ಹೊಟ್ಟೆಯನ್ನೂ ಕುದಿಸುವುದಿಲ್ಲ, ಒಂದು ಕಾಲು ಕಿತ್ತರೆ ಸಾಕು, ಅದನ್ನು ಅರೆದು ಅದರೊಳಗಿನ ಡಿಎನ್‌ಎ ಓದುತ್ತೇವೆ ಎಂದಳು. ನನಗೆ ತಿಳಿಯಲಿಲ್ಲ ಎಂದು ಅವಳಿಗೆ ತಿಳಿಯಿತು.

“ನಮ್ಮ ಮನ್ಯಾಗ ಗ್ವಾಡಿ ಮ್ಯಾಲ ಶಜ್ರಾ ಅದಲ್ರಿ ಕಾಕಾ, ವಂಶದ ಪಟ. ದಾದಾ ಯಾರು, ದಾದಾನ ದಾದಾ ಯಾರು, ಯಾವ ತಮ್ಮ ಯಾವ ಊರಿಗಿ ಹೋಗಿ ಕುಂತ. ಇದೂ ಹಂಗೇ. ಪಾತರಗಿತ್ತಿಗಿ ಓದಾಕ ಬರಿಯಾಕ ಬರಂಗಿಲ್ಲ, ಅದಕ್ಕ ಅವು ಮೈಯಾಗೇ ಬರಕೊಂಡಾವ.”

“ಶಜ್ರಾದಾಗ ತಪ್ಪ ಆಗಲ್ಲೇನು?”

“ಆಗ್ತದರಿ. ಒಂದು ಹೆಸರ ತಪ್ಪ ಜಾಗಾಕ್ಕ ಕುಂತ್ರ ಮುಂದಿಂದೆಲ್ಲಾ ತಪ್ಪ.”

ಮೊದಲು ಹೊಸ ಪಾತರಗಿತ್ತಿ ಹಿಡಿಯಬೇಕಿತ್ತು. ಈ ಜಾತಿಯವು ಹೂವಿಗೆ ಬರುವುದು ಕಡಿಮೆ, ಕೊಳೆತ ಹಣ್ಣಿಗೆ ಬರುತ್ತವೆ. ಮಂಠಾಳದ ಸಂತೆಯಲ್ಲಿ ಬಾಳೆಹಣ್ಣು ಮಾರುವ ಹೆಣ್ಣುಮಗಳ ಮುಂದೆ ನಾವಿಬ್ಬರೂ ಕೂತು ಇನ್ನೂ ಕೊಳೆತದ್ದು, ಇನ್ನೂ ಕೊಳೆತದ್ದು ಎಂದು ಆರಿಸಿದೆವು. “ಮನ್ಯಾಗ ಯಾರ ಮ್ಯಾಲ ಸಿಟ್ಟದರಿ?” ಎಂದು ಕೇಳಿದಳು ಆ ಹೆಣ್ಣುಮಗಳು. ಬೆಲ್ಲ ಕಲಸಿ, ಬಲೆಯ ಕೊಳವೆಯೊಳಗೆ ಇಟ್ಟು, ಬಿರಾದಾರ ಸರ್ ತಮ್ಮ ಕಪಾಟಿಗೆ ಬುಷ್‌ಬ್ರೌನ್ ಹಿಡಿಯುತ್ತಿದ್ದ ನಾರಾಯಣಪುರದ ಹಳೆಯ ಶಿವಾಲಯದ ಹಿಂದೆ ಬೇವಿನ ನೆರಳಿನಲ್ಲಿ ತೂಗುಹಾಕಿದೆವು. ವಾಸನೆಗೆ ಮೊದಲು ಬಂದವರು ಪೂಜಾರಿ. ಅವರನ್ನು ಸಮಾಧಾನ ಮಾಡುವುದರಲ್ಲಿ ನನಗೆ ಅರ್ಧ ದಿನ ಹೋಯಿತು. ಎರಡು ಮಳೆಗಾಲ ಹೀಗೆ ಹಿಡಿದೆವು. ಎಲ್ಲವೂ ಒಂದೇ, ಬಯಲು ಸೀಮೆಯ ಸಾದಾ ಬುಷ್‌ಬ್ರೌನ್.

ನನ್ನ ನಿವೃತ್ತಿಗೆ ಮೂರು ತಿಂಗಳು ಇದ್ದಾಗ ತಹಸೀನ್ ಮತ್ತೆ ಬಂದಳು. ಈ ಬಾರಿ ಬಿರಾದಾರ ಸರ್ ಕಪಾಟಿನ ಹಳೆಯ ಪಾತರಗಿತ್ತಿಗಳ ಕಾಲು ಬೇಕೆಂದಳು. ಪ್ರಿನ್ಸಿಪಾಲರ ಅನುಮತಿ ತಂದಿದ್ದಳು. ನಾನು ಡಬ್ಬಿ ಹಿಡಿದು ನಿಂತೆ, ಅವಳು ಚಿಮಟಿಗೆಯಿಂದ ಒಂದೊಂದರ ಒಂದು ಕಾಲು ಕಿತ್ತು ಟ್ಯೂಬಿಗೆ ಹಾಕುತ್ತ ಹೋದಳು. “ನಿಮ್ಮ ಕೈಕೆಲಸ ಎಷ್ಟ ಸಾಫ್ ಅದರಿ ಕಾಕಾ, ಒಂದರದೂ ಕಾಲ ಮುರದಿಲ್ಲ,” ಎಂದಳು. ನಾನು ಹಿಗ್ಗಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಏನೂ ನೆನಪಾಗಲಿಲ್ಲ, ಬರೀ ಹಿಗ್ಗಿದೆ. ನೆನಪಾದದ್ದು ಸಂಜೆಯ ಬಸ್ಸಿನಲ್ಲಿ. ಇಷ್ಟು ಕಾಲುಗಳಲ್ಲಿ ಅಂಟಿಸಿದ್ದು ಎಷ್ಟಿದ್ದಾವು, ಅದೇ ಅವಳ ಚಿಮಟಿಗೆಗೆ ಸಿಕ್ಕಿತೆಂದು ಏಕೆ ಅಂದುಕೊಳ್ಳಬೇಕು, ಸಿಕ್ಕರೂ ಅದೂ ನಾರಾಯಣಪುರದ್ದೇ ಕಾಲು ಇರಬಹುದಲ್ಲ ಎಂದು ಹುಮನಾಬಾದ್ ಬರುವವರೆಗೆ ನನಗೆ ನಾನೇ ವಕೀಲಿ ಮಾಡಿದೆ. ಗೆದ್ದೆ ಕೂಡ.

ನಿವೃತ್ತನಾದೆ. ಹಾರ ಹಾಕಿದರು. ಬೀಗದ ಕೈ ಕೊಟ್ಟು ಬಂದೆ. ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ತಹಸೀನ್ ಫೋನ್. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

“ಕಾಕಾ, ಹಳೇ ಡಬ್ಬ್ಯಾಗಿನ ಒಂದು ನಾರಾಯಣಪುರದ ಪಾತರಗಿತ್ತಿ ಅದಲ್ರಿ, ಅದು ನಮ್ಮ ಸಾದಾ ಬಳಗದ್ದಲ್ಲ. ದಕ್ಷಿಣದ ಗುಡ್ಡದ ಒಂದು ಜಾತಿ ಅದ, ಅದರ ಬಾಜೂಕ ಕುಂತದ. ಅದರದೂ ಅಲ್ಲ. ಯಾರಿಗೂ ಗೊತ್ತಿಲ್ಲದ ಟೊಂಗಿ ಅದರಿ. ಇಂಥಾ ಒಣ ಸೀಮ್ಯಾಗ. ಈಗ ಸಿಗವಲ್ದು ಅಂದ್ರ ಅದು ಒಮ್ಮೆ ಇಲ್ಲಿತ್ತು, ಈಗ ಹೋಗ್ಯದ. ನನ್ನ ಪ್ರಬಂಧದ ದೊಡ್ಡ ಅಧ್ಯಾಯ ಇದೇ ಆಗ್ತದ. ನಮ್ಮ ಗೈಡ್ ಸರ್ ಸೈತ ಖುಷ್ ಆಗ್ಯಾರ. ಬಿರಾದಾರ ಸರ್ ಹೆಸರು, ನಿಮ್ಮ ಹೆಸರು ಎರಡೂ ಹಾಕ್ತೀನಿ.”

“ಛಲೋ ಆತು ಬೇಟಿ,” ಎಂದೆ.

ಐದು ವರ್ಷ ದುಡಿದ ಹುಡುಗಿ. ಪ್ರಬಂಧ ಕೊಡಲು ಮೂರು ತಿಂಗಳೂ ಇರಲಿಲ್ಲ. ನಾನು ಬಾಯಿ ಬಿಟ್ಟರೆ ಅಧ್ಯಾಯ ಹೋಗುತ್ತದೆ. ಬಿಡದಿದ್ದರೆ ಇಲ್ಲದ ಒಂದು ಪಾತರಗಿತ್ತಿ ಇತ್ತು ಎಂದು ಅವಳ ಹೆಸರಿನಲ್ಲಿ ಅಚ್ಚಾಗುತ್ತದೆ, ಇನ್ನು ಯಾರೋ ಅದರ ಮೇಲೆ ಇನ್ನೊಂದು ಕಟ್ಟುತ್ತಾರೆ, ಒಂದು ದಿನ ಯಾರೋ ಕೆಡವುತ್ತಾರೆ, ಆಗ ಕೆಡುವುದು ಅವಳ ಹೆಸರೇ. ಹತ್ತು ದಿನ ಹೀಗೇ ತಿರುಗಿಸಿ ತಿರುಗಿಸಿ ನೋಡಿದೆ. ಊಟ ಸೇರುತ್ತಿರಲಿಲ್ಲ. ಧಾನ್ಯದ ಅಡತಿಗೆ ಹೋದವನು ಚೀಲ ಅಲ್ಲೇ ಬಿಟ್ಟು ಬಂದೆ. ಸುಮಿತ್ರಾ ಎದುರು ಕೂತು ಕೇಳಿದಳು, ಹೇಳಿದೆ.

“ಆ ಹುಡುಗಿಗಿ ಈಗ ಹೇಳಿದ್ರ ಅಳ್ತಾಳ,” ಎಂದಳು. “ಆಮ್ಯಾಲ ಗೊತ್ತಾದ್ರ ನಿಮ್ಮ ಮಾರಿ ನೋಡಂಗಿಲ್ಲ. ಯಾವುದು ಬೇಕು ನೋಡ್ರಿ.”

“ಬಿರಾದಾರ ಸರ್ ಅಂತೂ ಹೋದ್ರು, ಇನ್ನ ಇದನ್ನ ಹೇಳವರು ಯಾರಿದ್ದಾರ? ನಾನೊಬ್ಬನೇ.”

“ಅದಕ್ಕೇ ಹೇಳ್ರಿ ಅನ್ನಾಕತ್ತೇನಿ.”

ತಹಸೀನ್ ರಜೆಗೆ ಊರಿಗೆ ಬಂದಿದ್ದಾಳೆ ಎಂದು ತಿಳಿದು ಬಸವಕಲ್ಯಾಣಕ್ಕೆ ಹೋದೆ. ಅವಳ ಮನೆಯಲ್ಲಿ, ತಂದೆಯ ಮುಂದೆ, ಕೊಟ್ಟ ಚಹಾ ಆರಿಹೋಗುವವರೆಗೆ ಬೇರೇನೋ ಮಾತಾಡಿದೆ. ಕೊನೆಗೆ ಗೋಂದಿನ ಕತೆ ಹೇಳಿದೆ, ಆರು ಕಾಲಿನ ಲೆಕ್ಕದಿಂದ ಹಿಡಿದು ಕಸದ ಗುಂಡಿಯವರೆಗೆ. ಆರು ಕಾಲು ಎಂದಾಗ ಅವಳ ತಂದೆ ನಕ್ಕರು. ಮಗಳ ಮುಖ ನೋಡಿ ನಿಲ್ಲಿಸಿದರು.

“ಆಗೇ ಯಾಕ ಹೇಳಲಿಲ್ಲರಿ ಕಾಕಾ?” ಎಂದಳು. “ಕಾಲ ಕೀಳಾಕತ್ತಿದ್ದಾಗ ಬಾಜೂಕೇ ನಿಂತಿದ್ರಲ್ಲ.”

“ಆಗ ನೆನಪಾಗಲಿಲ್ಲ. ನೆನಪಾದ ಮ್ಯಾಲ ಅಂಜಿಕೆ ಆತು.”

ಅವಳು ಆರಿದ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ನನಗೆ ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನ ಕಾಲೇಜಿಗೆ ಹೋಗಿ, ಅದೇ ಪಾತರಗಿತ್ತಿಯ ಹೊಟ್ಟೆಯಿಂದ ಒಂದು ಚೂರು ತೆಗೆದುಕೊಂಡು ಹೋದಳು. ಹೊಟ್ಟೆಯನ್ನು ಯಾರೂ ಅಂಟಿಸಿರಲಿಲ್ಲವಲ್ಲ, ಅದು ಹೇಳಿದ್ದೇ ಖರೆ. ಕಾಲು, ಹೊಟ್ಟೆ ಎರಡೂ ಒಂದೇ ಹೇಳಿದರೆ ನಾನು ಸುಮ್ಮನೆ ಹೆದರಿದೆ ಎಂದಾಗುತ್ತಿತ್ತು. ಐದು ವಾರ ಆ ಒಂದು ಆಸೆಯಲ್ಲಿ ಇದ್ದೆ. ಫೋನು ಬಡಿದರೆ ಎದೆ ಬಡಿಯುತ್ತಿತ್ತು, ಬಡಿಯದಿದ್ದರೆ ಎತ್ತಿ ನೋಡುತ್ತಿದ್ದೆ. ದೇವರಲ್ಲಿ ಬೇಡಿಕೊಂಡೆ ಕೂಡ, ನನ್ನ ಕೈ ಆ ಒಂದಕ್ಕೆ ಮುಟ್ಟಿರದಿರಲಿ ಎಂದು.

ತಹಸೀನ್ ಫೋನ್ ಮಾಡಲಿಲ್ಲ, ತಾನೇ ಬಸವಕಲ್ಯಾಣಕ್ಕೆ ಬಂದಳು. ಕಾಲೇಜಿಗೆ ಬರಲು ಹೇಳಿ ಕಳಿಸಿದಳು. ಕಪಾಟಿನ ಡಬ್ಬಿಯನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದಳು. ಪಕ್ಕದಲ್ಲಿ ಅವಳ ಟ್ಯೂಬುಗಳ ಪೆಟ್ಟಿಗೆ.

“ಹೊಟ್ಟಿ ನಮ್ಮ ಸಾದಾ ಬಳಗದ್ದೇ ಅದರಿ,” ಎಂದಳು. “ಕಾಲ ಬ್ಯಾರೆದರದು.”

ನಾನು ಕುರ್ಚಿ ಹಿಡಿದು ಕೂತೆ.

“ಒಂದು ಮಾತು ಕೇಳ್ತೀನಿ ಕಾಕಾ. ಕಾಲು ಸುಳ್ಳಲ್ಲ. ಅಂಥಾದೊಂದು ಪಾತರಗಿತ್ತಿ ಎಲ್ಲೋ ಇದ್ದಿದ್ದು ಖರೇ. ನೀವು ಕಾಲ ಕಿತ್ತ ಮುರುಕಿನ ಡಬ್ಬಿ ಅಂದ್ರಲ್ಲ, ಅದರಾಗ ಇದ್ದಿದ್ದು ಯಾವ ಊರಿಂದ್ರಿ?”

ಈ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ. ಮುರುಕಿನ ಡಬ್ಬಿಯಲ್ಲಿ ನಾರಾಯಣಪುರದವು ಇದ್ದವು, ಬಹಳ ಇದ್ದವು. ಜೊತೆಗೆ ಇನ್ನೂ ಒಂದಿತ್ತು. ಕರಾವಳಿಯ ಕಡೆಯ ಒಂದು ಕಾಲೇಜಿನವರು ಸರ್‌ಗೆ ವಿನಿಮಯಕ್ಕೆ ಕಳಿಸಿದ್ದ ಪಾರ್ಸಲ್ಲು, ಟಪಾಲಿನಲ್ಲಿ ಜಜ್ಜಿಹೋಗಿ ಬಂದಿತ್ತು. ಅದನ್ನೂ ಅದೇ ಡಬ್ಬಿಗೆ ಸುರಿದಿದ್ದೆವು. ಅದನ್ನು ಹೇಳಿದೆ.

“ಇರಲ್ರಿ ಕಾಕಾ, ಎರಡೂ ಇದ್ವು. ಆದ್ರ ಈ ಪಾತರಗಿತ್ತಿಗಿ ಹಚ್ಚಿದ ಕಾಲು ನಾರಾಯಣಪುರದ್ದರಾಗಿಂದೇ ಇದ್ರ, ಮೈ ಇಲ್ಲದಿದ್ರೂ ಕಾಲ ಇಲ್ಲಿಂದು ಅಂತ ಬರೀಬಹುದು. ಅಧ್ಯಾಯ ಉಳಿತದ. ಗೈಡ್ ಸರ್‌ಗ ಕೇಳೀನಿ, ಅವರೂ ಹೂಂ ಅಂದಾರ. ನೀವೇ ಮಾಡೀರಿ, ನಿಮ್ಮ ಮಾತು ಸಾಕು.”

ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಕೆಂಪಾಗಿದ್ದವು, ನಿದ್ದೆಗೆಟ್ಟಿದ್ದಳು ಎಂದು ಕಾಣುತ್ತಿತ್ತು. ನನಗೆ ಆ ನಾಲ್ಕು ದಿನ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ನೆಲಕ್ಕೆ ಹಾಸಿದ ಪೇಪರು, ಗೋಂದಿನ ಶೀಶೆ, ಬೆರಳ ತುದಿಗೆ ಅಂಟಿದ ಕಂದು ಪುಡಿ. ಡಬ್ಬಿಯೊಳಗೆ ಕೈ ಹೋಗುವುದು ಕಾಣುತ್ತದೆ. ಕೈಗೆ ಬಂದದ್ದು ಯಾವುದು ಎಂಬುದು ಕಾಣುವುದಿಲ್ಲ. ನಾರಾಯಣಪುರದ್ದೇ ಇರಬಹುದು, ಅವೇ ಹೆಚ್ಚಿದ್ದವು. ‘ಹೌದು’ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಆ ಒಂದು ಮಾತಿಗೆ ಸಾಕ್ಷಿ ಕೇಳುವವರು ಜಗತ್ತಿನಲ್ಲಿ ಯಾರೂ ಇರಲಿಲ್ಲ, ಈ ಹುಡುಗಿಯ ಐದು ವರ್ಷ ಉಳಿಯುತ್ತಿತ್ತು, ನನ್ನ ತಪ್ಪೂ ಅರ್ಧಕ್ಕರ್ಧ ತೊಳೆದುಹೋಗುತ್ತಿತ್ತು. ಇಷ್ಟು ಬೇಕಾಗಿದ್ದ ಮಾತು ನನ್ನ ಜೀವನದಲ್ಲಿ ಇನ್ನೊಂದಿರಲಿಲ್ಲ.

“ನೆನಪಿಲ್ಲ ಬೇಟಿ,” ಎಂದೆ.

“ಇನ್ನೊಮ್ಮೆ ಯೋಚನೆ ಮಾಡ್ರಿ ಕಾಕಾ. ಗಡಬಡ ಇಲ್ಲ.”

“ಎಷ್ಟ ಮಾಡಿದ್ರೂ ಅಷ್ಟೇ ಅದವ್ವ. ಎರಡೂ ಕೂಡೇ ಇದ್ವು. ಕೈಗಿ ಬಂದದ್ದು ಕಿತ್ತೀನಿ.”

ತಹಸೀನ್ ತಲೆ ತಗ್ಗಿಸಿದಳು. ಅತ್ತಳೋ ಏನೋ, ನಾನು ಗೋಡೆಯ ಕಡೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಪೆಟ್ಟಿಗೆಯಿಂದ ಆ ಟ್ಯೂಬು ತೆಗೆದಳು. ಕಾಲು ಅದರಲ್ಲಿ ಇರಲಿಲ್ಲ, ಅರೆದು ಹೋಗಿತ್ತು, ತಳದಲ್ಲಿ ಒಂದು ಹನಿ ತಿಳಿನೀರು ಅಷ್ಟೇ. ಹೊರಗೆ ಅಂಟಿಸಿದ್ದ ಚೀಟಿಯಲ್ಲಿ ನಾರಾಯಣಪುರ ಎಂದು ಇತ್ತು. ಅದನ್ನು ಉಗುರಿನಿಂದ ಕೆರೆದಳು. ಬೇಗ ಬರಲಿಲ್ಲ, ಮೂಲೆಯಿಂದ ಎಬ್ಬಿಸಿ ಎಬ್ಬಿಸಿ ತೆಗೆದಳು. ಹೊಸ ಚೀಟಿ ಅಂಟಿಸಿ, ಟ್ಯೂಬನ್ನೂ ಪೆನ್ಸಿಲನ್ನೂ ನನ್ನ ಕಡೆ ಸರಿಸಿದಳು.

“ನೀವೇ ಬರೀರಿ ಕಾಕಾ,” ಎಂದಳು.

‘ಕಾಲು ಒಂದು,’ ಎಂದು ಬರೆದೆ. ‘ಯಾವ ಊರಿನದು ತಿಳಿಯದು.’ ಕೆಳಗೆ ನನ್ನ ಹೆಸರು ಹಾಕಿದೆ.